ಗಾಜಿನೊಳಗಿನ ಕೆರೆ

ಬಂದಳಿಕೆಯ ಗುಡಿ ಬಸದಿಗಳನ್ನು ನೋಡಲೆಂದು ಈ ಬೇಸಗೆಯಲ್ಲಿ ಸಂಸಾರಸಮೇತನಾಗಿ ಹೋಗಿದ್ದೆ. ಅದೇ ಶಿಕಾರಿಪುರ ತಾಲ್ಲೂಕಿನ ತಾಳಗುಂದವನ್ನು ನೋಡದೆ ಮರಳಲು ಮನಸ್ಸು ಒಪ್ಪಲಿಲ್ಲ. ಕದಂಬರ ಕಾಕುಸ್ಥವರ್ಮನು ಅಲ್ಲಿ ದೊಡ್ಡ ಕೆರೆಯೊಂದನ್ನು ಕಟ್ಟಿಸಿದ ಸಂಗತಿಯನ್ನು ಕುಬ್ಜನೆಂಬ ಕವಿ ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಮೇಲೆ ಐದನೆಯ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ನಾನು ಇದನ್ನು ವಿವರಿಸುತ್ತಿದ್ದಾಗ ಮಗಳು ನಡುವೆ ಬಾಯಿ ಹಾಕಿದಳು:

“ಅಪ್ಪಾ, ಕೆರೆಯನ್ನು ಯಾರೂ ತೊಳೆಯುವುದಿಲ್ಲ. ಆದರೂ ಮೀನು ಬದುಕುತ್ತವೆ. ನಾನು ಅಷ್ಟು ಶುಚಿಯಾಗಿಟ್ಟರೂ ನನ್ನವು ಏಕೆ ಸತ್ತವು?”

ನಾನು ನಿರುತ್ತರನಾದೆ. ಅವಳ ಹುಟ್ಟುಹಬ್ಬದ ಸಂಜೆ ಎರಡಡಿ ಉದ್ದದ ಗಾಜಿನ ತೊಟ್ಟಿಯನ್ನೂ ಹನ್ನೆರಡು ನಿಯಾನ್ ಟೆಟ್ರಾಗಳನ್ನೂ ಒಟ್ಟಿಗೇ ತಂದಿದ್ದೆ. ಒಂದೊಂದು ಮೀನು ಸತ್ತಾಗಲೂ ಅವಳು ಅಳುತ್ತಳುತ್ತಲೇ ನೀರನ್ನೆಲ್ಲ ಚೆಲ್ಲಿ, ಮರಳನ್ನೂ ಶೋಧಕದ ಸ್ಪಂಜನ್ನೂ ನಲ್ಲಿಯ ಕೆಳಗೆ ತಿಕ್ಕಿ ತೊಳೆಯುತ್ತಿದ್ದಳು. ಹಾಗೆ ಮಾಡೆಂದು ಹೇಳಿದವನು ನಾನೇ! ಹತ್ತು ದಿನಗಳಲ್ಲಿ ಹನ್ನೆರಡೂ ಹೋದವು.

ಊರಿಗೆ ಮರಳಿ, ತಿಳಿದವರನ್ನು ವಿಚಾರಿಸಿದ ಮೇಲೆ ಉತ್ತರ ದೊರೆಯಿತು. ಮೀನಿನ ಮಲಮೂತ್ರಗಳಿಂದಲೂ ಉಳಿದ ಆಹಾರದಿಂದಲೂ ನೀರಿನಲ್ಲಿ ಅಮೋನಿಯ ಸೇರುತ್ತದೆ. ಅದು ವಿಷ. ಮರಳಿನಲ್ಲೂ ಸ್ಪಂಜಿನಲ್ಲೂ ನೆಲೆಸುವ ಒಂದು ಬಗೆಯ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಅದೂ ವಿಷವೇ. ಬೇರೊಂದು ಬಗೆಯವು ಅದನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಸುತ್ತವೆ. ಅದು ಗಿಡಗಳಿಗೆ ಗೊಬ್ಬರ. ಈ ಅಗೋಚರ ಜೀವಿಗಳು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ನಲ್ಲಿನೀರಿನ ಕ್ಲೋರಿನ್ ಅವುಗಳಿಗೂ ಮೀನಿಗೂ ಶತ್ರು. ನಾವು ಶುಚಿಯ ಹೆಸರಿನಲ್ಲಿ ತೊಟ್ಟಿಯ ಪ್ರಾಣವನ್ನೇ ದಿನದಿನವೂ ತೊಳೆದು ಚೆಲ್ಲುತ್ತಿದ್ದೆವು!

ಈ ಸಲ ಮೊದಲು ಗಿಡಗಳನ್ನು ನೆಟ್ಟೆವು. ವ್ಯಾಲಿಸ್ನೇರಿಯ ಹಿಂದೆ, ಜಾವಾ ಫರ್ನ್ ಮರದ ಬೊಡ್ಡೆಗೆ ಕಟ್ಟಿ ಮುಂದೆ. ಮೀನಿಲ್ಲದ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಆಹಾರ. ಅದು ಕೊಳೆತು ಬ್ಯಾಕ್ಟೀರಿಯಗಳಿಗೆ ಊಟವಾಯಿತು. “ಇನ್ನೆಷ್ಟು ದಿನ?” ಎಂದು ಮಗಳು ನಿತ್ಯವೂ ಕೇಳುವಳು. ಪರೀಕ್ಷೆಯಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಯೆಂದು ಕಂಡದ್ದು ಆರನೆಯ ವಾರದಲ್ಲಿ. ಅಂದು ಆರು ಮೀನು ತಂದೆವು. ಎರಡು ವಾರ ಬಿಟ್ಟು ಇನ್ನಾರು.

ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆಯ ನೆರಳುತೊರೆಗಳು ಈ ಮೀನಿನ ತವರು. 1936ರಲ್ಲಿ ವಿಜ್ಞಾನಿ ಮೈಯರ್ಸ್ ಇದಕ್ಕೆ ಹೆಸರಿಟ್ಟರು. ಮೃದುವಾದ ನೀರು, ಮಂದ ಬೆಳಕು ಇದಕ್ಕೆ ಹಿತ. ಒಂಟಿಯಾಗಿಟ್ಟರೆ ಅಂಜಿ ಬಣ್ಣಗೆಡುತ್ತದೆ. ಆದುದರಿಂದ ಎಂಟು ಹತ್ತಕ್ಕೆ ಕಡಿಮೆ ಇಡತಕ್ಕದ್ದಲ್ಲ. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಮಾತ್ರ, ಕ್ಲೋರಿನ್ ಕಳೆದು, ಬದಲಿಸಬೇಕು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಿದರೆ ಸಾಕು.

ಈಗ ಸಂಜೆ ದೀಪ ಹಾಕಿದೊಡನೆ ಹನ್ನೆರಡು ನೀಲಿಗೆರೆಗಳು ಒಂದೇ ಸಲ ತಿರುಗುತ್ತವೆ. ಮೊನ್ನೆ ಬಂದ ನೆಂಟರೊಬ್ಬರು, “ಮರಳೆಲ್ಲ ಪಾಚಿಗಟ್ಟಿದೆಯಲ್ಲ, ತೊಳೆಯಬಾರದೆ?” ಎಂದರು. ಮಗಳು ತೊಟ್ಟಿಗೆ ಅಡ್ಡ ನಿಂತು ಹೇಳಿದಳು: “ಬೇಡಿ ಮಾಮಾ, ಅದು ಕೆರೆ!”