ಬೀಗ ಹಾಕಿದ ಮನೆಗೆ ದುಪ್ಪಟ್ಟು ತೆರಿಗೆ ಸರಿಯೇ?

ನಮ್ಮಲ್ಲಿ ಮನೆ ಕಂದಾಯ ಮಾಲೀಕರ ತಲೆಯ ಮೇಲೆ. ಬ್ರಿಟನ್ನಿನ ಕೌನ್ಸಿಲ್ ತೆರಿಗೆಯನ್ನು ಸಾಮಾನ್ಯವಾಗಿ ಕಟ್ಟುವವರು ಮನೆಯಲ್ಲಿ ವಾಸವಿರುವವರು, ಬಾಡಿಗೆದಾರರಾದರೂ ಸರಿ. ಯಾರೂ ವಾಸವಿಲ್ಲದಿದ್ದರೆ ಬಿಲ್ಲು ಮಾಲೀಕರಿಗೆ ಹೋಗುತ್ತದೆ. ಇಂಗ್ಲೆಂಡಿನಲ್ಲಿ ವರ್ಷ ಮೀರಿ ಖಾಲಿ ಬಿದ್ದ ಮನೆಗೆ 2024ರ ಏಪ್ರಿಲ್‌ನಿಂದ, ಎರಡನೇ ಮನೆಗೆ 2025ರ ಏಪ್ರಿಲ್‌ನಿಂದ ಸ್ಥಳೀಯ ಕೌನ್ಸಿಲ್ಲುಗಳು ಶೇ 100ರಷ್ಟು ಹೆಚ್ಚುವರಿ ತೆರಿಗೆ ಹಾಕಬಹುದು. ವೇಲ್ಸ್‌ನಲ್ಲಿ 2023ರಿಂದ ಈ ಮಿತಿ ಶೇ 300. ಇದು ನ್ಯಾಯವೇ?

ಪರ: ಬೇಸಿಗೆಯ ನೆಂಟರಿಂದ ಊರು ನಡೆಯದು

ವೇಲ್ಸ್‌ನ ವಾಯವ್ಯ ಕರಾವಳಿಯ ಅಬರ್‌ಸೋಕ್ ಬೇಸಿಗೆಯಲ್ಲಿ ಪ್ರವಾಸಿಗರಿಂದ ಗಿಜಿಗುಡುತ್ತದೆ. ಚಳಿಗಾಲದಲ್ಲಿ ಎಷ್ಟೋ ಮನೆಗಳಿಗೆ ಬೀಗ. ಮಕ್ಕಳ ಸಂಖ್ಯೆ ಕುಸಿದು ಅಲ್ಲಿನ ಪ್ರಾಥಮಿಕ ಶಾಲೆ 2021ರ ಕೊನೆಗೆ ಮುಚ್ಚಿತು. ಈ ಊರು ಸೇರಿರುವ ಗ್ವಿನೆದ್, ವೆಲ್ಷ್ ಮಾತನಾಡುವವರ ಪ್ರಮಾಣ ಇಡೀ ವೇಲ್ಸ್‌ನಲ್ಲೇ ಅತಿ ಹೆಚ್ಚಿರುವ ಸೀಮೆ. ಅಲ್ಲಿ ಹುಟ್ಟಿ ಬೆಳೆದ ಹುಡುಗ ಹುಡುಗಿಯರು ಅಲ್ಲೇ ಸಂಸಾರ ಹೂಡಲಾಗದಿದ್ದರೆ ಆ ಭಾಷೆ ನಾಮಫಲಕಗಳಲ್ಲಿ ಮಾತ್ರ ಉಳಿದೀತು.

‘ನಾವಿರುವುದೇ ವರ್ಷಕ್ಕೆ ನಾಲ್ಕು ವಾರ, ಸೇವೆಗಳನ್ನೇ ಬಳಸುವುದಿಲ್ಲ’ ಎಂದು ಎರಡನೇ ಮನೆಯವರು ಗೊಣಗುತ್ತಾರೆ. ತೊಂದರೆ ಇರುವುದೇ ಅಲ್ಲಿ. ಪ್ರಯಾಣಿಕರಿಲ್ಲದೆ ಬಸ್ಸು ನಿಲ್ಲುತ್ತದೆ, ಗಿರಾಕಿಗಳಿಲ್ಲದೆ ಅಂಗಡಿ ಬಾಗಿಲೆಳೆಯುತ್ತದೆ. 1993ರಲ್ಲಿ ಕೌನ್ಸಿಲ್ ತೆರಿಗೆ ಜಾರಿಗೆ ಬಂದಾಗ ಇಂಥ ಮನೆಗಳಿಗೆ ಅರ್ಧ ತೆರಿಗೆಯನ್ನೇ ಬಿಟ್ಟುಕೊಡಲಾಗುತ್ತಿತ್ತು. ಆ ಉದಾರತೆಯ ಬೆಲೆ ತೆತ್ತಿದ್ದು ಊರಿನವರು.

ಹೆಚ್ಚುವರಿ ತೆರಿಗೆಯಿಂದ ಎರಡರಲ್ಲಿ ಒಂದಾದರೂ ಆಗುತ್ತದೆ: ಮಾಲೀಕರು ಮಾರಿದರೆ ಊರಿಗೆ ಮನೆ, ಇಟ್ಟುಕೊಂಡರೆ ಕೌನ್ಸಿಲ್ಲಿಗೆ ಹಣ. ಶೇ 150ರಷ್ಟು ಹೆಚ್ಚುವರಿ ವಿಧಿಸಿದ ಗ್ವಿನೆದ್ ಆ ಹಣವನ್ನು ಸ್ಥಳೀಯರ ವಸತಿ ಯೋಜನೆಗೆ ಬಳಸುತ್ತಿದೆ. ನಿಜವಾಗಿ ಇಕ್ಕಟ್ಟಿನಲ್ಲಿರುವವರನ್ನು ಕಾನೂನು ಮರೆತಿಲ್ಲ. ಮಾರಾಟಕ್ಕೋ ಬಾಡಿಗೆಗೋ ಇಟ್ಟ ಮನೆಗೆ ಒಂದು ವರ್ಷದ ವಿನಾಯಿತಿ ಇದೆ. ವಾರಸುದಾರಿಕೆ ಇತ್ಯರ್ಥವಾಗಬೇಕಾದ ಮನೆಗೂ ಕಾಲಾವಕಾಶವುಂಟು.

ವಿರೋಧ: ಜಾಣರು ಪಾರು, ಉಳಿದವರಿಗೆ ಬರೆ

ಮನೆ ಇಲ್ಲವೇ ಹಣ ಎಂಬ ಲೆಕ್ಕ ಚಂದ. ಆದರೆ ಮೂರನೆಯ ದಾರಿಯೊಂದಿದೆ. ಇಂಗ್ಲೆಂಡಿನಲ್ಲಿ ಮನೆಯನ್ನು ವರ್ಷಕ್ಕೆ 140 ದಿನ ಪ್ರವಾಸಿಗರಿಗೆಂದು ತೆರೆದಿಟ್ಟು, 70 ದಿನ ಬಾಡಿಗೆಗೆ ಕೊಟ್ಟರೆ ಅದು ವ್ಯಾಪಾರದ ಆಸ್ತಿಯಾಗುತ್ತದೆ. ಅದರ ತೆರಿಗೆ ಮೌಲ್ಯ 12,000 ಪೌಂಡ್ ಮೀರದಿದ್ದರೆ, ಮಾಲೀಕರಿಗೆ ಬೇರೆ ವ್ಯಾಪಾರದ ಆಸ್ತಿ ಇಲ್ಲದಿದ್ದರೆ, ಕಟ್ಟಬೇಕಾದ್ದು ಸೊನ್ನೆ. ದುಪ್ಪಟ್ಟು ಕೇಳಲು ಹೋದ ಕೌನ್ಸಿಲ್ಲಿಗೆ ಇದ್ದದ್ದೂ ಕೈತಪ್ಪುತ್ತದೆ.

ಈ ಕಿಂಡಿ ಮುಚ್ಚಲು ವೇಲ್ಸ್ ಆ ದಿನಗಳನ್ನು 252 ಮತ್ತು 182ಕ್ಕೆ ಏರಿಸಿತು. ಪೆಟ್ಟು ಬಿದ್ದದ್ದು ಹೊಲದ ಪಕ್ಕದ ಮನೆಯನ್ನು ಪ್ರವಾಸಿಗರಿಗೆ ಬಿಟ್ಟು ನಾಲ್ಕು ಕಾಸು ನೋಡುವ ರೈತ ಕುಟುಂಬಗಳಿಗೆ. ಮಳೆಯ ನಾಡಿನಲ್ಲಿ ಅರ್ಧ ವರ್ಷ ಗಿರಾಕಿ ತರುವುದು ಎಲ್ಲರಿಂದ ಆಗುವ ಕೆಲಸವಲ್ಲ. ಪೆಂಬ್ರೋಕ್‌ಷೈರ್ ಕೌನ್ಸಿಲ್ 2024ರಲ್ಲಿ ಎರಡನೇ ಮನೆಯ ಹೆಚ್ಚುವರಿಯನ್ನು ಶೇ 200ಕ್ಕೆ ಏರಿಸಿ, ಮರುವರ್ಷವೇ ಶೇ 150ಕ್ಕೆ ಇಳಿಸಿತು.

ತೆರಿಗೆಯ ಬುಡವೂ ಓರೆಯಾಗಿದೆ. ಇಂಗ್ಲೆಂಡಿನಲ್ಲಿ ಮನೆಗಳ ದರ್ಜೆ ಇಂದಿಗೂ 1991ರ ಬೆಲೆಯ ಮೇಲೆ ನಿಂತಿದೆ. ಅತಿ ಮೇಲಿನ ದರ್ಜೆಯ ತೆರಿಗೆ ಅತಿ ಕೆಳಗಿನದರ ಮೂರು ಪಟ್ಟು ಮಾತ್ರ. ಅದನ್ನೇ ದುಪ್ಪಟ್ಟು ಮಾಡಿದರೆ ಕಾರ್ನ್‌ವಾಲ್‌ನ ಕಡಲಂಚಿನ ಬಂಗಲೆಯ ಒಡೆಯರು ಹುಬ್ಬೇರಿಸುವುದಿಲ್ಲ. ಅಪ್ಪ ಬಿಟ್ಟುಹೋದ ಹಳೇ ಮನೆಯ ಚಾವಣಿ ರಿಪೇರಿಗೆ ಹಣ ಹೊಂದಿಸುತ್ತಿರುವವರು ಕಂಗಾಲಾಗುತ್ತಾರೆ. ರಿಪೇರಿಗೆ ಸಿಗುವ ರಿಯಾಯಿತಿಯೂ ವರ್ಷಕ್ಕೆ ಮುಗಿಯುತ್ತದೆ. ಅನುಮತಿ ಪತ್ರ, ಮೇಸ್ತ್ರಿ, ಒಡಹುಟ್ಟಿದವರ ಒಪ್ಪಿಗೆ ಎಲ್ಲವೂ ಆ ಗಡುವಿನೊಳಗೆ ಕೂಡಿಬರುವುದಿಲ್ಲ.

ಇನ್ನು ಮಾರಾಟಕ್ಕೆ ಬಂದ ಕಡಲಂಚಿನ ಮನೆ ಸ್ಥಳೀಯ ಸಂಬಳಕ್ಕೆ ಎಟುಕೀತೇ? ಕೊಳ್ಳುವವರು ಬಹುಪಾಲು ಹೊರಗಿನ ಹಣವಂತರೇ. ಹಾಗಾಗಿ ಗ್ವಿನೆದ್‌ನದೇ ಇನ್ನೊಂದು ಕ್ರಮ ಮೇಲು: ವಾಸದ ಮನೆಯನ್ನು ಎರಡನೇ ಮನೆಯಾಗಿಸಲು 2024ರ ಸೆಪ್ಟೆಂಬರ್‌ನಿಂದ ಅಲ್ಲಿ ಯೋಜನಾ ಅನುಮತಿ ಕಡ್ಡಾಯ ಮಾಡಲಾಗಿತ್ತು. ತೆರಿಗೆಯೇ ಬೇಕೆಂದರೆ ಮೊದಲು ಮನೆಗಳಿಗೆ ಇಂದಿನ ಬೆಲೆ ಕಟ್ಟಲಿ. ಆಗ ಬಂಗಲೆಯವರು ಬಂಗಲೆಗೆ ತಕ್ಕಷ್ಟು ಕಟ್ಟುತ್ತಾರೆ, ಒಂದು ಮನೆಯಿರಲಿ, ಎರಡಿರಲಿ.