ಚಹಾ: ಎಷ್ಟು, ಯಾವಾಗ?

ಶಿವಾಜಿನಗರದಲ್ಲಿ 1933ರಲ್ಲಿ ಉದ್ಘಾಟನೆಯಾದ ರಸೆಲ್ ಮಾರುಕಟ್ಟೆಯ ಆಸುಪಾಸಿನಲ್ಲಿ ಚಹಾಕ್ಕೆ ಹೊತ್ತುಗೊತ್ತಿಲ್ಲ. ಮೂಟೆ ಇಳಿಸಿದವರಿಗೆ ಒಂದು ಲೋಟ, ವ್ಯಾಪಾರ ಕುದುರಿದವರಿಗೆ ಇನ್ನೊಂದು. ಹೀಗೆ ದಿನಕ್ಕೆ ಏಳೆಂಟು ಸಲ ಕುಡಿದರೆ ಆರೋಗ್ಯ ಕೆಡುವುದೇ?

ಚಹಾದ ಚುರುಕಿಗೆ ಕಾರಣ ಕೆಫೀನ್. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿಯಂತೆ, ಒಂದು ಕಪ್ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನದ ಮಿತಿ 300 ಮಿಲಿಗ್ರಾಂ. ಗಟ್ಟಿ ಚಹಾ ಆದರೆ ಐದು ಕಪ್ಪಿಗೇ ಈ ಮಿತಿ ದಾಟುತ್ತದೆ. ದೇಹತೂಕ ಕಡಿಮೆಯಿರುವ ಮಕ್ಕಳಿಗೆ ಇಷ್ಟೂ ಸಲ್ಲದು. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ದೇಹದಲ್ಲಿ ಉಳಿದಿರುತ್ತದೆ. ಪರೀಕ್ಷೆಗೆಂದು ರಾತ್ರಿ ಹತ್ತಕ್ಕೆ ಚಹಾ ಕುಡಿದ ವಿದ್ಯಾರ್ಥಿಗೆ ಓದಿದ್ದನ್ನು ನೆನಪಿನಲ್ಲಿ ನೆಲೆಗೊಳಿಸುವ ನಿದ್ದೆಯೇ ಕೆಡಬಹುದು.

ಕಣ್ಣಿಗೆ ಕಾಣದ ನಷ್ಟ ಇನ್ನೊಂದಿದೆ. ಒಂದು ಕಬ್ಬಿಣದ ಮೊಳೆಯನ್ನು ಹಾಲಿಲ್ಲದ ಗಟ್ಟಿ ಚಹಾದಲ್ಲಿ ರಾತ್ರಿಯಿಡೀ ಬಿಟ್ಟು ನೋಡಿ (ಕುಡಿಯಬೇಡಿ!). ಚಹಾ ಕಪ್ಪಾಗುತ್ತದೆ. ಚಹಾದ ಟ್ಯಾನಿನ್ ಕಬ್ಬಿಣದೊಡನೆ ಕೂಡಿದ್ದೇ ಇದಕ್ಕೆ ಕಾರಣ. ಹಿಂದೆ ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಬೆರೆಸಿ ಶಾಯಿ ತಯಾರಿಸುತ್ತಿದ್ದುದೂ ಹೀಗೆಯೇ. ಊಟದ ಜೊತೆ ಚಹಾ ಕುಡಿದರೆ ಸೊಪ್ಪು, ರಾಗಿ, ಕಾಳುಗಳಲ್ಲಿನ ಕಬ್ಬಿಣವನ್ನು ಟ್ಯಾನಿನ್ ಇದೇ ರೀತಿ ಹಿಡಿದಿಡುತ್ತದೆ. ರಕ್ತಕ್ಕೆ ಸೇರುವ ಪಾಲು ಕಡಿಮೆಯಾಗುತ್ತದೆ. ರಕ್ತಹೀನತೆಗೆ ಬೇಗ ಒಳಗಾಗುವ ಹದಿಹರೆಯದ ಹೆಣ್ಣುಮಕ್ಕಳಿಗೆ ಈ ನಷ್ಟ ದುಬಾರಿ.

ಆದ್ದರಿಂದ ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಬಿಡುವಿರಲಿ. ಮಾರುಕಟ್ಟೆಯಿಂದ ಸೊಪ್ಪು ತರುವಾಗ ನಿಂಬೆಹಣ್ಣನ್ನೂ ತನ್ನಿ. ಅದರ ಸಿ ಜೀವಸತ್ವ ಕಬ್ಬಿಣದ ಹೀರುವಿಕೆಗೆ ನೆರವಾಗುತ್ತದೆ. ಚಹಾ ವಿಷವಲ್ಲ. ಆದರೆ ಅದರ ಜಾಗ ಊಟದ ತಟ್ಟೆಯ ಪಕ್ಕದಲ್ಲಲ್ಲ.