ಹಳೇ ಕಾರಿನ ರೇಡಿಯೊ ಕೀಳುವ ಮುನ್ನ...

ಸೆಕೆಂಡ್ ಹ್ಯಾಂಡ್ ಕಾರು ಮನೆಗೆ ಬಂದ ವಾರದಲ್ಲೇ ಶುರುವಾಗುವ ಚರ್ಚೆ ಟೈರಿನದ್ದಲ್ಲ, ಬ್ರೇಕಿನದ್ದೂ ಅಲ್ಲ, ಹಾಡಿನದ್ದು. ‘ಇದಕ್ಕೆ ಬ್ಲೂಟೂತ್ ಇಲ್ವಾ?’ ಎಂದು ಒಬ್ಬರು ಕೇಳುತ್ತಾರೆ. ‘ಆ ಡಬ್ಬಾ ರೇಡಿಯೊ ಕಿತ್ತು ಬಿಸಾಕಿ ದೊಡ್ಡ ಸ್ಕ್ರೀನಿಂದು ಹಾಕ್ಸು’ ಎಂದು ಇನ್ನೊಬ್ಬರು ತೀರ್ಪು ಕೊಡುತ್ತಾರೆ. ಇಂಥ ತೀರ್ಪುಗಳಲ್ಲಿ ಹೆಚ್ಚಿನವು ಅವಸರದವು ಎಂಬುದು ನನ್ನ ವಾದ. ಕಂಪನಿಯಿಂದಲೇ ಬಂದ ರೇಡಿಯೊವನ್ನು ಕೀಳದೆ, ಒಂದು ವೈರ್ ಕೂಡ ಕತ್ತರಿಸದೆ ಫೋನಿನ ಹಾಡನ್ನು ಅದರಲ್ಲೇ ಕೇಳಬಹುದು. ನಮ್ಮ ಕರಾವಳಿಯವರು ಹಾಗೆ ಮಾಡುವುದೇ ಜಾಣತನ.

ನಮ್ಮ ಮನೆಯದ್ದು 2008ರ ಮಾಡೆಲ್. ಸಿಡಿ ಹಾಕುವ ಸೀಳು, ಎಫ್‌ಎಂ, ಎಎಂ ಇಷ್ಟೇ ಇದೆ. ಯುಎಸ್‌ಬಿ ಇಲ್ಲ, ಆಕ್ಸ್ ಇಲ್ಲ. ವೈರಿಂಗ್ ಕೆಲಸ ಹಿಡಿಯುವ ಅಪ್ಪ ವಾರಕ್ಕೆ ಮೂರ್ನಾಲ್ಕು ದಿನ ಭಟ್ಕಳದಿಂದ ಹೊನ್ನಾವರ ದಾಟಿ ಕುಮಟಾಕ್ಕೆ, ಅಂದರೆ ಸುಮಾರು 60 ಕಿ.ಮೀ. ಹೋಗಿ ಬರುತ್ತಾರೆ. ದಾರಿಯಲ್ಲಿ ಅವರಿಗೆ ತಾಳಮದ್ದಲೆ ಬೇಕು, ಅದಿರುವುದು ಫೋನಿನಲ್ಲಿ. ವಿಚಾರಿಸಲು ಹೋದ ಅಂಗಡಿಯವರು ಗಾಡಿಯೊಳಗೆ ಒಮ್ಮೆ ಇಣುಕಿ, ‘ತಮಾ, ಇದರಲ್ಲಿ ಏನೂ ಆಗೂದಿಲ್ಲ. ಕಿತ್ತು ಹೊಸದು ಹಾಕೂದೇ’ ಅಂದರು. ಸೆಟ್ಟು, ಫ್ರೇಮು, ಕೂಲಿ ಸೇರಿ ಹೇಳಿದ ರೇಟು ಒಂಬತ್ತು ಸಾವಿರ. ನನ್ನ ಒಂದು ಸೆಮಿಸ್ಟರ್‌ನ ಪರೀಕ್ಷಾ ಶುಲ್ಕ, ಬಸ್ ಪಾಸು ಎರಡೂ ಸೇರಿದರೂ ಅಷ್ಟಾಗುವುದಿಲ್ಲ. ಕೊನೆಗೆ ನಮ್ಮ ಸಮಸ್ಯೆ ಬಗೆಹರಿದದ್ದು ಕೆಲವು ನೂರು ರೂಪಾಯಿಯ ಒಂದು ಚಿಕ್ಕ ಸಾಧನದಿಂದ.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ನಿಮ್ಮ ಗಾಡಿಯ ಸೆಟ್ಟಿನ ಮುಖವನ್ನು ಸರಿಯಾಗಿ ಓದಿ. ‘ಆಕ್ಸ್’ ಎಂದು ಬರೆದ ಸಣ್ಣ ತೂತು ಇದ್ದರೆ ನೀವೇ ಅದೃಷ್ಟವಂತರು. 3.5 ಮಿ.ಮೀ. ಕೇಬಲ್ ಸಾಕು, ಫೋನಿನಲ್ಲಿ ಆ ಜಾಕ್ ಇಲ್ಲದಿದ್ದರೆ ಟೈಪ್–ಸಿ ಅಡಾಪ್ಟರ್ ಸೇರಿಸಿದರಾಯಿತು. ಯುಎಸ್‌ಬಿ ಇದ್ದರೆ ಅದು ಫೋನನ್ನು ಗುರುತಿಸದೇ ಇರಬಹುದು, ಪೆನ್‌ಡ್ರೈವ್‌ ಅನ್ನು ಗುರುತಿಸುತ್ತದೆ. ಪೆನ್‌ಡ್ರೈವ್ ಹಾಕಿದರೂ ಹಾಡು ಬರದಿದ್ದರೆ ಸೆಟ್ಟು ಹಾಳಾಗಿದೆ ಎಂದು ತೀರ್ಮಾನಿಸಬೇಡಿ. ಹಳೆಯ ಸೆಟ್ಟುಗಳಿಗೆ ಬೇಕಾದದ್ದು ಎಫ್‌ಎಟಿ32 ಫಾರ್ಮ್ಯಾಟ್ ಮತ್ತು ಸಾದಾ ಎಂಪಿ3 ಫೈಲು.

ಕ್ಯಾಸೆಟ್ ಪ್ಲೇಯರ್ ಇರುವ ಗಾಡಿಯಾದರೆ ಕ್ಯಾಸೆಟ್ ಅಡಾಪ್ಟರ್ ಸಿಗುತ್ತದೆಯೇ ಹುಡುಕಿ. ನೋಡಲು ಕ್ಯಾಸೆಟ್ಟಿನಂತೆಯೇ ಇರುತ್ತದೆ, ಒಳಗೆ ಟೇಪ್ ಇರುವುದಿಲ್ಲ. ಟೇಪ್ ಹಾದುಹೋಗಬೇಕಾದ ಜಾಗದಲ್ಲಿ ಪುಟ್ಟದೊಂದು ಸುರುಳಿ ಇರುತ್ತದೆ. ಫೋನಿನಿಂದ ಬಂದ ವಿದ್ಯುತ್ ಸಂಕೇತ ಅದರಲ್ಲಿ ಬದಲಾಗುವ ಕಾಂತಕ್ಷೇತ್ರ ಹುಟ್ಟಿಸುತ್ತದೆ, ಪ್ಲೇಯರಿನ ಹೆಡ್ ಅದನ್ನೇ ಟೇಪ್ ಎಂದು ನಂಬಿ ಓದುತ್ತದೆ. ಪಿಯುಸಿಯಲ್ಲಿ ನಾವು ಬಾಯಿಪಾಠ ಮಾಡಿದ ವಿದ್ಯುತ್ಕಾಂತೀಯ ಪ್ರೇರಣೆ ಇದೇ. ಕಾಳಿಂಗ ನಾವಡರ ಭಾಗವತಿಕೆಯ ಕ್ಯಾಸೆಟ್ಟುಗಳನ್ನು ಮನೆಮನೆಯಲ್ಲಿ ಸವೆಸಿದ ಕರಾವಳಿಗೆ ಈ ಉಪಾಯ ಚೆನ್ನಾಗಿ ಒಪ್ಪುತ್ತದೆ!

ಇವು ಯಾವುವೂ ಇಲ್ಲದ ನಮ್ಮಂಥವರಿಗೆ ಉಳಿಯುವುದು ಎಫ್‌ಎಂ ಟ್ರಾನ್ಸ್‌ಮಿಟರ್. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ ಈ ಸಾಧನ ಬ್ಲೂಟೂತ್ ಮೂಲಕ ಫೋನಿನ ಹಾಡು ಪಡೆದು, ಕೆಲವೇ ಮೀಟರ್ ಹೋಗುವಷ್ಟು ದುರ್ಬಲ ಎಫ್‌ಎಂ ಸಿಗ್ನಲ್ ಆಗಿ ಬಿಡುತ್ತದೆ. ಅದರ ಫ್ರೀಕ್ವೆನ್ಸಿಗೆ ರೇಡಿಯೊ ತಿರುಗಿಸಿದರೆ ಮುಗಿಯಿತು. ‘ಅದು ಬರೀ ಗೊರಗೊರ’ ಎಂದು ಹೀಯಾಳಿಸುವವರು ತುಂಬ ಮಂದಿ ಇದ್ದಾರೆ. ಗೊರಗೊರಕ್ಕೆ ಕಾರಣ ಬಹಳ ಸಲ ಸಾಧನವಲ್ಲ, ಅದಕ್ಕೆ ಕೊಟ್ಟ ಜಾಗ. ಎಫ್‌ಎಂನಲ್ಲಿ ಒಂದೇ ಫ್ರೀಕ್ವೆನ್ಸಿಯಲ್ಲಿ ಎರಡು ಸಿಗ್ನಲ್ ಬಂದರೆ ಬಲವಾದದ್ದು ದುರ್ಬಲವಾದದ್ದನ್ನು ನುಂಗುತ್ತದೆ. ಇದಕ್ಕೆ ನಮ್ಮ ಪಠ್ಯದಲ್ಲಿ ‘ಕ್ಯಾಪ್ಚರ್ ಎಫೆಕ್ಟ್’ ಎಂದು ಹೆಸರು. ಆದ್ದರಿಂದ ಕಾರವಾರ ಆಕಾಶವಾಣಿಯ 102.3, ಮಂಗಳೂರಿನ 100.3 ಇವುಗಳ ಆಸುಪಾಸು ಸುಳಿಯಬೇಡಿ. ಹಾಗೆಯೇ ಒಂದು ಎಫ್‌ಎಂ ಸ್ಟೇಷನ್‌ಗೆ ಸುಮಾರು 200 ಕಿಲೋಹರ್ಟ್ಸ್ ಅಗಲದ ಜಾಗ ಬೇಕು, ಎರಡೂ ಪಕ್ಕ ಖಾಲಿ ಇರುವ ಜಾಗವೇ ಆಗಬೇಕು. ಬೆಂಗಳೂರಿನಲ್ಲಿ ಇಂಥ ಜಾಗ ಹುಡುಕುವುದು ಕಷ್ಟ. ನಮ್ಮ ಕಡೆ ಸ್ಟೇಷನ್‌ಗಳು ಕಡಿಮೆ ಇರುವುದೇ ಇಲ್ಲಿ ಲಾಭ. ಭಟ್ಕಳದಲ್ಲಿ ಒಂದು, ಕುಮಟಾದಲ್ಲಿ ಒಂದು ಖಾಲಿ ಜಾಗ ಗುರುತಿಸಿ ಪ್ರಿಸೆಟ್ ಬಟನ್‌ನಲ್ಲಿ ಇಟ್ಟುಕೊಂಡರೆ ದಾರಿಯುದ್ದಕ್ಕೂ ಹಾಡು ಸಲೀಸು. ಟೋಲ್ ಗೇಟಿನ ಸಾಲಿನಲ್ಲಿ ಪಕ್ಕದ ಕಾರಿನವರೂ ಅದೇ ಫ್ರೀಕ್ವೆನ್ಸಿಯಲ್ಲಿದ್ದರೆ ನಿಮ್ಮ ಹಾಡು ಅವರಿಗೂ ಕೇಳಿಸೀತು, ಅಷ್ಟೇ!

ಇದರಲ್ಲಿ ಕೊರತೆ ಇಲ್ಲವೆಂದಲ್ಲ. ಎಫ್‌ಎಂ ಪ್ರಸಾರದಲ್ಲಿ 15 ಕಿಲೋಹರ್ಟ್ಸ್‌ಗಿಂತ ಮೇಲಿನ ನಾದಕ್ಕೆ ಜಾಗವಿಲ್ಲ. ಅರ್ಥಗಾರಿಕೆಗೆ, ಸಿನಿಮಾ ಹಾಡಿಗೆ ಅದು ಧಾರಾಳವಾಯಿತು. ಚಂಡೆ, ಚಕ್ರತಾಳದ ಮೊನಚು ಮಾತ್ರ ಕೊಂಚ ಮೊಂಡಾಗಬಹುದು. ಆಕ್ಸ್‌ನಲ್ಲಿ ಈ ತೊಂದರೆ ಇಲ್ಲ, ಆದರೆ ಫೋನನ್ನು ಗಾಡಿಯಲ್ಲೇ ಚಾರ್ಜಿಗೆ ಹಾಕಿಕೊಂಡು ಹಾಡು ಹಾಕಿದರೆ ಎಂಜಿನ್ ವೇಗಕ್ಕೆ ತಕ್ಕಂತೆ ಏರಿಳಿಯುವ ‘ಕುಂಯ್’ ಸದ್ದು ಬರುವುದುಂಟು. ಅದು ಗ್ರೌಂಡ್ ಲೂಪ್. ಚಾರ್ಜರ್ ಕಿತ್ತ ಕೂಡಲೇ ಸದ್ದು ನಿಂತರೆ ರೋಗ ಗೊತ್ತಾದಂತೆ. ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಚಿಕ್ಕ ತುಂಡು ಸಾಕು, ಸೆಟ್ಟು ಬದಲಿಸಬೇಕಿಲ್ಲ.

ನಮ್ಮ ಉಪ್ಪುಗಾಳಿಯನ್ನೂ ಮರೆಯಬಾರದು. ಕರಾವಳಿಯ ಗಾಡಿಗಳಲ್ಲಿ ಆಂಟೆನಾದ ಬುಡ ತುಕ್ಕು ಹಿಡಿಯುತ್ತದೆ. ಸಂಪರ್ಕ ಸಡಿಲವಾಗಿ ಸ್ಟೇಷನ್ ಹಿಡಿಯದಾದಾಗ ಬೈಗುಳ ರೇಡಿಯೊಕ್ಕೆ. ಆಂಟೆನಾ ಬಿಚ್ಚಿ, ಬುಡವನ್ನು ಮರಳು ಕಾಗದದಿಂದ ಉಜ್ಜಿ, ಮತ್ತೆ ಬಿಗಿಯಾಗಿ ಕೂರಿಸಿ ನೋಡಿ. ಹತ್ತು ನಿಮಿಷದ ಕೆಲಸ, ಖರ್ಚು ಐದು ರೂಪಾಯಿ.

ಇಷ್ಟೆಲ್ಲ ಯಾಕೆ, ಹೊಸ ಸೆಟ್ಟಿನಲ್ಲಿ ಮ್ಯಾಪ್ ಬರುತ್ತದೆ, ರಿವರ್ಸ್ ಕ್ಯಾಮೆರಾ ಬರುತ್ತದೆ ಎನ್ನುವವರ ಮಾತೂ ಸುಳ್ಳಲ್ಲ. ಅವು ಬೇಕಿದ್ದವರು, ಕೈಯಲ್ಲಿ ದುಡ್ಡಿದ್ದವರು ಹಾಕಿಸಿಕೊಳ್ಳಲಿ. ಆದರೆ ಕಂಪನಿಯ ವೈರನ್ನು ಕತ್ತರಿಸಿ ಟೇಪ್ ಸುತ್ತಲು ಬಿಡಬೇಡಿ, ಗಾಡಿಗೆ ಹೊಂದುವ ಕಪ್ಲರ್ ಹಾಕಿಯೇ ಜೋಡಿಸಲು ಹೇಳಿ. ಸಡಿಲ ಜೋಡಣೆ, ಅದರ ಮೇಲೆ ತೇವ, ಆಮೇಲೆ ಶಾರ್ಟ್. ಇದನ್ನು ವಿವರಿಸಲು ಎಂಜಿನಿಯರಿಂಗ್ ಬೇಕಾಗಿಲ್ಲ. ಕೆಲವು ಕಂಪನಿ ಸೆಟ್ಟುಗಳಿಗೆ ಸೆಕ್ಯುರಿಟಿ ಕೋಡ್ ಇರುತ್ತದೆ. ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಕೋಡ್ ಒತ್ತದಿದ್ದರೆ ಅದು ಬಾಯಿ ಬಿಡುವುದಿಲ್ಲ. ಹಳೆಯ ಮಾಲೀಕರಿಂದ ಕಾಗದಪತ್ರ ಪಡೆಯುವಾಗಲೇ ಆ ಕೋಡನ್ನೂ ಕೇಳಿ ಇಟ್ಟುಕೊಳ್ಳಿ. ಹೇಗೇ ಕೇಳಿದರೂ ಹಾಡಿನ ಪಟ್ಟಿಯನ್ನು ಹೊರಡುವ ಮೊದಲೇ ಹಾಕಿಬಿಡಿ. ಓಡಿಸುತ್ತಾ ಫೋನ್ ಕೈಯಲ್ಲಿ ಹಿಡಿಯುವುದನ್ನು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಅಪಾಯಕಾರಿ ಚಾಲನೆ ಎಂದೇ ಕರೆಯುತ್ತದೆ. ದೇವಿಮನೆ ಘಟ್ಟದ ತಿರುವಿನಲ್ಲಿ ಹಾಡು ಬದಲಿಸುವವನನ್ನು ಕಾಯಲು ಯಾವ ಕಲಮಿಗೂ ಆಗದು.

ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವುದು ಬೇರೆಯೇ. ಹಳೇ ಸೆಟ್ಟಿನಲ್ಲಿ ಹಾಡು ಕೇಳಿದರೆ ರೇಡಿಯೊ ರೇಡಿಯೊವಾಗಿಯೇ ಉಳಿಯುತ್ತದೆ. ಹೊಸ ಸ್ಕ್ರೀನಿನಲ್ಲೂ ಎಫ್‌ಎಂ ಇರುತ್ತದೆ ನಿಜ, ಆದರೆ ಅದನ್ನು ಕೂರಿಸುವಾಗ ಆಂಟೆನಾ ವೈರನ್ನೇ ಜೋಡಿಸದೆ ಬಿಟ್ಟ ಗಾಡಿಗಳಲ್ಲಿ ನಾನು ಕೂತಿದ್ದೇನೆ. ಕೇಳುವವರೇ ಇಲ್ಲವಲ್ಲ ಎಂಬ ಧೈರ್ಯ! ನಮ್ಮ ಜಿಲ್ಲೆಗೆ ಆ ಧೈರ್ಯ ಒಳ್ಳೆಯದಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋದಾಗ ಫೋನುಗಳಲ್ಲಿ ಗಾಳಿಸುದ್ದಿಗೇನೂ ಬರ ಇರಲಿಲ್ಲ. ಯಾವ ರಸ್ತೆ ತೆರೆದಿದೆ, ಯಾವುದು ಇಲ್ಲ ಎಂಬ ನೆಚ್ಚುವಂಥ ಮಾತಿಗೇ ಬರ. ಮಳೆಗಾಲದಲ್ಲಿ ಕರೆಂಟು ಹೋಗಿ, ಟವರ್ ಕೂಡ ಮಲಗಿದರೆ ಊರಿನಲ್ಲಿ ಉಳಿಯುವ ದೊಡ್ಡ ಬ್ಯಾಟರಿ ಅಂಗಳದಲ್ಲಿ ನಿಂತ ಕಾರಿನದ್ದು. ಅದರಲ್ಲಿ ಕೆಲಸ ಮಾಡುವ ಒಂದು ರೇಡಿಯೊ ಇರುವುದು ಶೋಕಿಯಲ್ಲ.

ಜಗತ್ತೂ ಈ ಪ್ರಶ್ನೆಯನ್ನು ಕೇಳಿಕೊಳ್ಳುತ್ತಿದೆ. ನಾರ್ವೆ 2017ರಲ್ಲಿ ರಾಷ್ಟ್ರೀಯ ಎಫ್‌ಎಂ ಪ್ರಸಾರ ನಿಲ್ಲಿಸಿ ಡಿಜಿಟಲ್‌ಗೆ ಹೋಯಿತು. ಅಮೆರಿಕದಲ್ಲಿ ಫೋರ್ಡ್ ಕಂಪನಿ 2023ರಲ್ಲಿ ಹೊಸ ಕಾರುಗಳಿಂದ ಎಎಂ ರೇಡಿಯೊ ತೆಗೆಯಲು ಹೊರಟು, ತುರ್ತು ಎಚ್ಚರಿಕೆಗಳಿಗೆ ಅದು ಬೇಕು ಎಂಬ ಕೂಗೆದ್ದ ಮೇಲೆ ಹಿಂದೆ ಸರಿಯಿತು. ಅದೇ ವರ್ಷ ನಮ್ಮ ಕೇಂದ್ರ ಸರ್ಕಾರವೂ ಫೋನುಗಳಲ್ಲಿ ಎಫ್‌ಎಂ ಸೌಲಭ್ಯವನ್ನು ಮುಚ್ಚಿಡಬೇಡಿ ಎಂದು ತಯಾರಕರಿಗೆ ಸಲಹೆ ನೀಡಿತು. ಎಲ್ಲೆಲ್ಲೋ ಉಳಿಸಿಕೊಳ್ಳಲು ಹೋರಾಡುತ್ತಿರುವ ವಸ್ತುವನ್ನು ನಾವು ದುಡ್ಡು ಕೊಟ್ಟು ಕೀಳಿಸುತ್ತಿದ್ದೇವೆ.

ಬಿಇ ಓದುವ, ಓದಿ ಕೆಲಸ ಹುಡುಕುವ ಗೆಳೆಯರಿಗೆ ಒಂದು ಮಾತು. ಸಂದರ್ಶನದಲ್ಲಿ ‘ಮಾಡ್ಯುಲೇಷನ್ ಅಂದರೇನು?’ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ವ್ಯಾಖ್ಯೆ ಒಪ್ಪಿಸುತ್ತೇವೆ. ‘ಅದನ್ನು ಎಲ್ಲಿ ನೋಡಿದ್ದೀಯಾ?’ ಎಂದರೆ ಲ್ಯಾಬಿನ ಕಿಟ್ ಬಿಟ್ಟು ಬೇರೇನೂ ನೆನಪಾಗದು. ಆರ್ಮ್‌ಸ್ಟ್ರಾಂಗ್ 1933ರಲ್ಲಿ ಪೇಟೆಂಟ್ ಪಡೆದ ಎಫ್‌ಎಂ ನಮ್ಮ ಡ್ಯಾಶ್‌ಬೋರ್ಡಿನಲ್ಲೇ ಕೂತಿದೆ. ಪ್ರೇರಣೆ, ಗ್ರೌಂಡಿಂಗ್, ಬ್ಯಾಂಡ್‌ವಿಡ್ತ್, ಆಂಟೆನಾ ಎಲ್ಲವೂ ಆ ಒಂದು ಡಬ್ಬದ ಸುತ್ತ ಕಲಿಯಲು ಸಿಗುತ್ತವೆ. ಕಾಲೇಜುಗಳು ಗುಜರಿಯಿಂದ ಹಳೇ ಕಾರ್ ಸೆಟ್ಟು ತಂದು, ‘ಇದರಲ್ಲಿ ಫೋನಿನ ಹಾಡು ಕೇಳಿಸಿ, ಒಂದೂ ವೈರ್ ಕತ್ತರಿಸಬೇಡಿ’ ಎಂದು ನಮ್ಮ ಮುಂದೆ ಇಟ್ಟರೆ ಒಳ್ಳೆಯ ಪ್ರಾಜೆಕ್ಟ್ ಆದೀತು. ಕಿತ್ತು ಹೊಸದು ಹಾಕಲು ದುಡ್ಡಿದ್ದರೆ ಸಾಕು. ಇದ್ದದ್ದರಲ್ಲೇ ಆಗುವಂತೆ ಮಾಡುವವರನ್ನೇ ಅಲ್ಲವೇ ಊರಿನವರು ಎಂಜಿನಿಯರ್ ಎಂದು ಕರೆಯಬೇಕಾದದ್ದು?